ಸೋಮವಾರದ ಹೊಡೆತ

ಕುಸಿಯಬೇಕಿತ್ತು. ಕುಸಿದಿರಲಿಲ್ಲ.

ಸುಕನ್ಯ ಅದನ್ನು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಅಂಗೈಯಲ್ಲಿ ಹಿಡಿಸುವಷ್ಟು ಉಕ್ಕಿನ ತುಂಡು. ಹಿಂದೆ ದಪ್ಪ ಹಲಗೆ, ಮುಂದೆ ತೆಳ್ಳನೆಯ ಗೋಡೆಯ ಕೊಳವೆ. ಕೊಳವೆಯ ಮೂತಿಯಲ್ಲಿ ಹಳದಿ ಬಣ್ಣ ಉಗುರಿನಿಂದ ಗೀರಿದಷ್ಟು ಎದ್ದಿತ್ತು. ಅಷ್ಟೇ. ಒಂದು ಇಡೀ ಯಂತ್ರದ ತೋಳು ಗಿರ್ರನೆ ತಿರುಗಿ ಬಂದು ಗುದ್ದಿದ ಗುರುತು ಇಷ್ಟೇ ಎಂದಾದರೆ, ಒಂದೋ ಅವಳ ಲೆಕ್ಕ ಸುಳ್ಳು, ಇಲ್ಲ ಆ ಹೊಡೆತ ಸುಳ್ಳು.

ಅವಳ ಸುತ್ತ ಎಲ್ಲರೂ ಸಂತೋಷವಾಗಿದ್ದರು.

"ಒಂದ್ ಚೂರೂ ಜಗ್ಗಿಲ್ಲ ನೋಡಿ ಸಾ," ಎಂದ ಫಿಟ್ಟರ್ ನಿಂಗರಾಜು. "ನಮ್ಮತ್ತೆ ಇದ್ದಂಗದೆ."

"ನಿಮ್ಮತ್ತೆ ಜಗ್ಗಾಕಿಲ್ವೇನ್ಲಾ?" ಎಂದು ಮಾದೇಶ ಕೇಳಿದ. ತೋಳನ್ನು ನಡೆಸುವವನು ಅವನೇ.

"ಗೋಡೆ ಬಿದ್ದೋದ್ರೂ ಅವ್ಳು ಬೀಳಾಕಿಲ್ಲ ಕಣಣ್ಣ. ಗೋಡೆನೇ ಅವಳ್ನ ಒರಗ್ಕೊಂಡದೆ."

ಮ್ಯಾನೇಜರ್ ಶಿವನಂಜಪ್ಪನವರು ನಕ್ಕರು. ನಗುತ್ತಲೇ ತೋಳಿನ ಕೀಲಿಯನ್ನು ಜೇಬಿನಿಂದ ತೆಗೆದು ಸುಕನ್ಯಳ ಮುಂದಿದ್ದ ಮೇಜಿನ ಮೇಲಿಟ್ಟರು. ಅವರು ಅವಳ ಕೈಗೆ ಏನನ್ನೂ ಕೊಡುತ್ತಿರಲಿಲ್ಲ, ಮೇಜಿನ ಮೇಲೆ ಇಡುತ್ತಿದ್ದರು. ಹೆಣ್ಣುಮಗಳು ಎಂಬ ಮರ್ಯಾದೆ ಇರಬೇಕು ಎಂದು ಅವಳು ಕೆಲಸಕ್ಕೆ ಸೇರಿದ ಮೊದಲ ವಾರವೇ ತೀರ್ಮಾನಿಸಿಕೊಂಡಿದ್ದಳು. ಆಮೇಲೆ ಆಫೀಸಿನ ಲೆಕ್ಕ ಬರೆಯುವ ಕಾವ್ಯಶ್ರೀಗೆ ಅವರು ಪೆನ್ನು, ರಸೀದಿ, ಒಮ್ಮೆ ಪ್ರಸಾದ, ಎಲ್ಲವನ್ನೂ ಕೈಗೇ ಕೊಟ್ಟದ್ದನ್ನು ನೋಡಿದ್ದಳು. ತೀರ್ಮಾನವನ್ನು ಬದಲಿಸಲು ಹೋಗಿರಲಿಲ್ಲ. ಒಮ್ಮೆ ಮಾಡಿದ ತೀರ್ಮಾನ ಅನುಕೂಲವಾಗಿರುತ್ತದೆ.

"ಕಂಗ್ರಾಜುಲೇಷನ್ಸ್ ಮೇಡಂ," ಎಂದರು ಶಿವನಂಜಪ್ಪ. "ಮಧ್ಯಾಹ್ನ ಲಾರಿ ಬರುತ್ತೆ. ಇನ್ನೊಂದು ಪೀಸ್ ಫಿಟ್ ಮಾಡ್ಸಿ, ಕಳ್ಸಿಬಿಡೋಣ."

"ಹೂಂ ಸರ್," ಎಂದಳು ಸುಕನ್ಯ.

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವ ರಸ್ತೆಯ ಪಕ್ಕ, ಹಿಂದೆ ತಂಬಾಕಿನ ಗೋದಾಮಾಗಿದ್ದ ಶೆಡ್ಡು ಅದು. ಗೋಡೆಗೆ ಮೂರು ಸಲ ಸುಣ್ಣ ಹೊಡೆಸಿದರೂ ಒಳಗೆ ಬಂದವರಿಗೆ ಮೊದಲು ಮೂಗಿಗೆ ಬಡಿಯುವುದು ಒಣಸೊಪ್ಪಿನ ಘಾಟು, ಆಮೇಲೆ ಗ್ರೀಸು. ಎಲ್ಲೋ ಜಪಾನಿನ ಕಾರ್ಖಾನೆಗಳು ಹತ್ತಾರು ವರ್ಷ ದುಡಿಸಿ ಮಾರಿದ ರೋಬೋಟ್ ತೋಳುಗಳು ಹಡಗಿನಲ್ಲಿ ಬಂದು, ಲಾರಿಯಲ್ಲಿ ಬಂದು, ಇಲ್ಲಿ ಇಳಿಯುತ್ತಿದ್ದವು. ಅವನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಹೊಸ ಬಣ್ಣ ಹೊಡೆದು ಈ ದೇಶದ ಕಾರ್ಖಾನೆಗಳಿಗೆ ಕಳಿಸುವುದು ಕಂಪೆನಿಯ ವ್ಯಾಪಾರ. ಹೊಸ ಜಾಗದಲ್ಲಿ ತೋಳು ಎಷ್ಟು ತಿರುಗಬೇಕು, ಎಲ್ಲಿಗೆ ನಿಲ್ಲಬೇಕು ಎಂಬುದು ಬೇರೆಯಾಗಿರುತ್ತಿತ್ತು. ಆ ಎಲ್ಲಿಗೆ ಎಂಬುದು ಸುಕನ್ಯಳ ಕೆಲಸ. ಅವಳು ಸ್ಟಾಪರುಗಳನ್ನು ವಿನ್ಯಾಸ ಮಾಡುತ್ತಿದ್ದಳು.

ಸ್ಟಾಪರು ಎಂದರೆ ಏನು ಎಂದು ಊರಿನಲ್ಲಿ ಕೇಳಿದವರಿಗೆಲ್ಲ ಅವಳು ಬೇರೆ ಬೇರೆ ಉತ್ತರ ಕೊಟ್ಟಿದ್ದಳು. ನಿಜವಾದ ಉತ್ತರ ಸರಳವಾಗಿತ್ತು. ತೋಳಿನ ಬುಡದಲ್ಲಿ ಒಂದು ಕಬ್ಬಿಣದ ಗೂಟ ಇರುತ್ತದೆ. ತೋಳು ತಿರುಗಿದಂತೆ ಅದೂ ತಿರುಗುತ್ತದೆ. ಎಲ್ಲ ಸರಿಯಿದ್ದಾಗ ತೋಳು ತನಗೆ ಹೇಳಿದಲ್ಲಿಗೆ ತಾನೇ ನಿಲ್ಲುತ್ತದೆ. ಎಂದಾದರೊಂದು ದಿನ ಅದಕ್ಕೆ ಹುಚ್ಚು ಹಿಡಿದು ನಿಲ್ಲದೆ ಹೋದರೆ ಆ ಗೂಟ ಬಂದು ಸ್ಟಾಪರಿಗೆ ಗುದ್ದುತ್ತದೆ. ಕೊಳವೆ ಅಪ್ಪಚ್ಚಿಯಾಗುತ್ತದೆ. ಅಪ್ಪಚ್ಚಿಯಾಗುತ್ತ ಹೊಡೆತವನ್ನು ನುಂಗುತ್ತದೆ. ತೋಳು ಉಳಿಯುತ್ತದೆ, ತೋಳಿನಾಚೆ ನಿಂತವರೂ ಉಳಿಯುತ್ತಾರೆ. ಸ್ಟಾಪರನ್ನು ಬಿಚ್ಚಿ ಗುಜರಿಗೆ ಎಸೆಯುತ್ತಾರೆ.

ಗಟ್ಟಿಯಾಗಿರುವುದು ಅದರ ಗುಣವಲ್ಲ, ಸರಿಯಾದ ಹೊತ್ತಿಗೆ ಕೆಡುವುದು ಅದರ ಗುಣ. ಇದನ್ನು ಅವಳು ಶೆಡ್ಡಿನಲ್ಲಿ ಎಷ್ಟೋ ಸಲ ಹೇಳಿದ್ದಳು. ಎಲ್ಲರೂ ತಲೆಯಾಡಿಸಿದ್ದರು. ಈಗ ಒಂದು ಚೂರೂ ಜಗ್ಗಿಲ್ಲ ಎಂದು ಎಲ್ಲರೂ ಖುಷಿಪಡುತ್ತಿದ್ದರು.

ಅವಳು ಮಾಡಿಸಿದ್ದು ಎರಡೇ. ಒಂದನ್ನು ಹೊಡೆದು ನೋಡಲು, ಒಂದನ್ನು ಕಳಿಸಲು. ಹೊಡೆದು ನೋಡಿದ್ದು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಹೋಗುವುದು ಹೊಡೆತ ಎಂದರೇನೆಂದು ಕಂಡಿರುವುದಿಲ್ಲ. ಈ ಯೋಚನೆ ಬಂದಾಗಲೆಲ್ಲ ಅವಳಿಗೆ ಕಾರಣವಿಲ್ಲದೆ ಬಾಯಿ ಒಣಗುತ್ತಿತ್ತು.

ಶೆಡ್ಡಿನ ನೆಲದ ಮೇಲೆ, ಕೊಂಡವರ ಕಾರ್ಖಾನೆಯಲ್ಲಿ ಏನೇನು ಎಲ್ಲೆಲ್ಲಿ ಇರುತ್ತದೋ ಅದನ್ನೆಲ್ಲ ಬಿಳಿ ಬಣ್ಣದಲ್ಲಿ ಬರೆದಿದ್ದರು: ಬೇಲಿ, ಮೇಜು, ಮೇಜಿನಾಚೆ ಒಂದು ವೃತ್ತ. ಪಂಪು ತಯಾರಿಸುವ ಕಾರ್ಖಾನೆ ಅದು. ಜಾಗ ಸಾಲದೆಂದು ಅವರು ಮೇಜನ್ನು ತೋಳಿನ ಹತ್ತಿರಕ್ಕೆ ಎಳೆದಿದ್ದರು. ಮೇಜಿನ ಜೊತೆಗೆ ವೃತ್ತವೂ ಬಂದಿತ್ತು. ವೃತ್ತದಲ್ಲಿ ಒಬ್ಬರು ನಿಂತು ತೋಳಿಗೆ ಭಾಗಗಳನ್ನು ಜೋಡಿಸಿ ಕೊಡಬೇಕು. "ಅಲ್ಲಿ ಹೆಣ್ಮಕ್ಕಳನ್ನ ನಿಲ್ಲಿಸ್ತೀವಿ, ಕೈ ಚುರುಕು," ಎಂದು ಅವರ ಕಡೆಯ ಎಂಜಿನಿಯರು ಹೇಳಿ ಹೋಗಿದ್ದ. ಸ್ಟಾಪರು ಹಿಡಿದು ನಿಲ್ಲಿಸಿದರೆ ತೋಳಿನ ತುದಿ ವೃತ್ತದ ಅಂಚಿಗೆ ಬಂದು ನಿಲ್ಲುತ್ತದೆ. ಹಿಡಿಯದಿದ್ದರೆ ವೃತ್ತದ ನಡುವೆ, ಒಬ್ಬ ಹೆಂಗಸಿನ ತಲೆಯ ಮಟ್ಟದಲ್ಲಿ ಹಾದುಹೋಗುತ್ತದೆ.

ಆ ಹೆಂಗಸಿನ ಎತ್ತರ ಎಷ್ಟೆಂದು ಯಾರೂ ಹೇಳಿರಲಿಲ್ಲ. ನಕ್ಷೆಗೆ ಒಂದು ಅಂಕಿ ಬೇಕಿತ್ತು. ಸುಕನ್ಯ ತನ್ನ ಎತ್ತರವನ್ನೇ ಬರೆದಿದ್ದಳು.

ಟೀ ಹೊತ್ತಿಗೆ ಮಾದೇಶ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ. ವೀರನಹೊಸಹಳ್ಳಿಯವನು, ಕಾಡಿನಂಚಿನಲ್ಲಿ ಎರಡೆಕರೆ ಹೊಲ, ಒಂದು ಜೊತೆ ಎತ್ತು ಇಟ್ಟುಕೊಂಡು ದಿನಾ ಮೋಟಾರ್ ಬೈಕಿನಲ್ಲಿ ಕೆಲಸಕ್ಕೆ ಬರುತ್ತಿದ್ದ. ಬೆಳಿಗ್ಗೆ ಬಂದವನೇ ತೋಳಿನ ಮೋಟರಿನ ಮೇಲೆ ವಿಭೂತಿ ಎಳೆಯದೆ ಸ್ವಿಚ್ಚು ಮುಟ್ಟುತ್ತಿರಲಿಲ್ಲ.

"ಮಾದೇಶಣ್ಣ, ಬೆಳಿಗ್ಗೆ ಸ್ಪೀಡು ಎಷ್ಟಿಟ್ಟಿದ್ರಿ?" ಎಂದು ಅವಳು ನೆಲ ನೋಡುತ್ತ ಕೇಳಿದಳು.

"ನೀವು ಯೋಳಿದಷ್ಟೇ ಕಣಮ್ಮ."

"ಪೂರ್ತಿನಾ?"

ಅವನು ನಲ್ಲಿ ನಿಲ್ಲಿಸಿದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನಿಧಾನವಾಗಿ, ಎರಡು ಕಡೆಯೂ.

"ಪೂರ್ತಿ ಇಟ್ಟಿದ್ದೆ. ಆಮೇಲೆ ಇಳಿಸ್ದೆ."

"ಎಷ್ಟಕ್ಕೆ?"

"ಕಾಲು ಭಾಗ ಮಡಗಿದ್ದೆ. ಯಾಕೆ, ನಿಂತ್ಕತಲ್ಲ?"

ಅವನೇ ಮುಂದುವರಿಸಿದ. ಅವನ ದನಿಯಲ್ಲಿ ತಪ್ಪು ಮಾಡಿದವನ ಅಳುಕು ಇರಲಿಲ್ಲ. ಮಗುವಿಗೆ ತಿಳಿಸಿ ಹೇಳುವವನ ಸಮಾಧಾನ ಇತ್ತು.

"ಇವತ್ತು ಸ್ವಾಮಾರ ಅಲ್ವಾ. ನಮ್ ಕಡೆ ಸ್ವಾಮಾರ ಎತ್ತಿನ ಎಗಲ್ ಮ್ಯಾಲೆ ನೊಗ ಮಡಗಲ್ಲ, ಬಾರ್‌ಕೋಲ್ ಮುಟ್ಟಲ್ಲ. ಬಸವಣ್ಣನ ವಾರ. ದಿನಾ ದುಡ್ಯೋ ಪ್ರಾಣಿಗೆ ಒಂದಿನನಾದ್ರೂ ಹೊಡ್ತ ತಪ್ಲಿ ಅಂತ. ಇದೂ ದುಡ್ಯೋದೇ ಅಲ್ವಾ? ಬೇಕಂತ್ಲೇ ತಗೊಂಡೋಗಿ ಕಬ್ಬಿಣಕ್ಕೆ ಗುದ್ಸು ಅಂದ್ರೆ ಕೈ ಬರ್ಬೇಕಲ್ಲ. ಅದ್ಕೇ ಒಸಿ ನಿಧಾನಕ್ಕೆ ತಾಗಿಸ್ದೆ."

"ನಾಳೆ ಮಾಡ್ಬೋದಿತ್ತಲ್ಲ."

"ಲಾರಿ ಇವತ್ತಲ್ವಾ ಬರಾದು?" ಎಂದ ಅವನು. ಅದೂ ನಿಜವೇ. "ನೀವು ಚೆನ್ನಾಗೇ ಮಾಡಿರ್ತೀರ ಬುಡಿ. ಅದ್ಕೆ ಯಾಕ್ ನೋವ್ ಕೊಡಾದು?"

ಸುಕನ್ಯಳಿಗೆ ನಗು ಬರುವಂತಾಯಿತು. ಅಪರಿಚಿತ ಊರಿನ ಅಪರಿಚಿತ ಹೆಂಗಸೊಬ್ಬಳ ತಲೆ ಬಸವಣ್ಣನ ವಾರಕ್ಕೆ ಸಿಕ್ಕಿಕೊಂಡಿತ್ತು. ಬೈಯಬೇಕಿತ್ತು. ನೀವು ಮಾಡಿದ್ದು ತಪ್ಪು ಎನ್ನಬೇಕಿತ್ತು. ಮಾದೇಶನ ಒದ್ದೆ ಕೈಗಳನ್ನು ನೋಡಿದಳು. ಅವು ಯಾರನ್ನೂ ಹೊಡೆದ ಕೈಗಳಲ್ಲ.

"ಸರಿ," ಎಂದಳು.

"ಟೀ ಕುಡೀರಿ, ಆರೋಯ್ತದೆ," ಎಂದ ಅವನು.

ಶಿವನಂಜಪ್ಪನವರ ಕೋಣೆಯ ಬಾಗಿಲಲ್ಲಿ ನಿಂತು ಅವಳು ವಾಕ್ಯವನ್ನು ಒಳಗೊಳಗೇ ಜೋಡಿಸಿಕೊಂಡಳು. ಸರ್, ಬೆಳಿಗ್ಗೆ ಆದದ್ದು ಪರೀಕ್ಷೆಯಲ್ಲ. ಚಿಕ್ಕ ವಾಕ್ಯ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಬಹುದಾದದ್ದು.

"ಬನ್ನಿ ಮೇಡಂ. ಏನು?"

"ಸರ್, ಆ ಪೀಸು... ಕುಸಿದಿಲ್ಲ."

"ಅದೇ ಅಲ್ವಾ ಬೇಕಾಗಿರೋದು?"

"ಇಲ್ಲ ಸರ್. ಕುಸೀಬೇಕು. ಹೊಡೆತ ಸರಿಯಾಗಿ ಬಿದ್ದಿಲ್ಲ ಅನ್ಸುತ್ತೆ."

"ಅನ್ಸುತ್ತಾ?"

ಮಾದೇಶನ ಹೆಸರು ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. "ನಿಧಾನ ಆಗಿರ್ಬೋದು," ಎಂದಳು.

ಶಿವನಂಜಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ. ಕೆಲಸದವರ ಮನೆಯ ಮದುವೆಗಳಿಗೆ ತಪ್ಪದೆ ಹೋಗಿ ತಪ್ಪದೆ ಊಟ ಮಾಡಿ ಬರುವವರು. ಬೀಚನಹಳ್ಳಿಯಲ್ಲಿ ಸುಕನ್ಯಳ ಅಕ್ಕನ ಮದುವೆಗೂ ಬಂದಿದ್ದರು. ಆ ದಿನ ಹೊಟ್ಟೆ ಸರಿಯಿಲ್ಲವೆಂದು ಊಟ ಮಾಡಿರಲಿಲ್ಲ.

"ಇನ್ನೊಂದ್ಸಲ ಹೊಡೀಬೇಕು ಅಂತೀರಾ?"

"ಹೌದು ಸರ್... ಹೊಡೆದ್ರೆ ಒಳ್ಳೇದು."

"ಯಾವುದನ್ನ ಹೊಡೆಯೋದು? ಉಳಿದಿರೋದು ಒಂದೇ. ಅದನ್ನೂ ಹಾಳು ಮಾಡಿದ್ರೆ ಲಾರಿಗೆ ಏನು ಹಾಕೋಣ?"

"ಇನ್ನೊಂದು ಮಾಡ್ಸಬೋದು."

"ಮಾಡ್ಸಬೋದು," ಎಂದು ಅವರು ಒಪ್ಪಿಕೊಂಡರು. "ನಾನು ಬೇಡ ಅನ್ನಲ್ಲ. ಡಿಸೈನ್ ನಿಮ್ಮದು. ನೀವು ಕಳ್ಸಬೇಡಿ ಅಂದ್ರೆ ಲಾರಿ ವಾಪಸ್ ಕಳಿಸ್ತೀನಿ. ಅವರ ಹತ್ರ ನಾನು ಮಾತಾಡ್ಕೋತೀನಿ. ಹೇಳಿ. ಕಳ್ಸೋದಾ, ಬೇಡ್ವಾ?"

ಬಾಗಿಲು ತೆರೆದಿತ್ತು. ತಳ್ಳಬೇಕಾದದ್ದೇನೂ ಇರಲಿಲ್ಲ. ಬೇಡ ಎಂಬ ಎರಡಕ್ಷರ. ತನ್ನ ಎದುರು ಯಾರಾದರೂ ಅಡ್ಡ ನಿಂತಿದ್ದರೆ ಎಂದು ಸುಕನ್ಯಳಿಗೆ ಒಂದು ಕ್ಷಣ ಆಸೆಯಾಯಿತು. ಗದರಿಸಿದ್ದರೆ, ನಿನಗೇನು ಗೊತ್ತು ಎಂದಿದ್ದರೆ, ನಿಮ್ಮಂಥವರನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ತಪ್ಪು ಎಂದಿದ್ದರೆ. ಅವರು ತಾಳ್ಮೆಯಿಂದ ಕಾಯುತ್ತಿದ್ದರು. ಅವರ ಹಣೆಯ ಮೇಲೆ ಬೆಳಗಿನ ವಿಭೂತಿ ಮೂರು ಗೆರೆಯೂ ಅಳಿಯದೆ ಇತ್ತು.

"ನೋಡ್ತೀನಿ ಸರ್," ಎಂದಳು.

"ನೋಡಿ. ಲಾರಿ ಬರೋದ್ರೊಳಗೆ ಹೇಳಿ."

ಊಟದ ಹೊತ್ತಿಗೆ ಮೊಬೈಲು ಬಡಿದುಕೊಂಡಿತು. ಬೀಚನಹಳ್ಳಿಯ ಅಂಗಡಿಯ ಕಾಯಿನ್ ಫೋನು. ಅವ್ವ ಚೆಲುವಮ್ಮ. ಅಪ್ಪ ಸೋಮಯ್ಯ ಅಲ್ಲಿ ಕಬಿನಿ ಅಣೆಕಟ್ಟಿನಲ್ಲಿ ಗೇಟು ಎತ್ತಿ ಇಳಿಸುವ ಖಲಾಸಿ. ಮನೆಗೆ ಫೋನು ಇರಲಿಲ್ಲ.

"ಉಂಡ್ಯಾ?"

"ಹೂಂ ಕಣವ್ವ."

"ಏನುಂಡೆ?"

"ಅನ್ನ."

"ಅನ್ನ ಅಂತೆ. ಮುದ್ದೆ ಅಂದ್ರೆ ಇಂಜಿನಿಯರ್ ಡಿಗ್ರಿ ಕಿತ್ಕತಾರೆನೋ. ಕೇಳಿಲ್ಲಿ, ಕೆ.ಆರ್. ನಗರದೋರು ಯೋಳಿ ಕಳ್ಸವ್ರೆ. ಹುಡ್ಗ ಮೇಷ್ಟ್ರು. ಭಾನುವಾರ ಬತ್ತಾರಂತೆ. ಬರ್ಲಾ ಬ್ಯಾಡ್ವಾ?"

"ನೋಡನ ಬಿಡವ್ವ."

"ಏನ್ ನೋಡನ? ಹೋದ ವರ್ಸ ಪಿರಿಯಾಪಟ್ನದೋರು ಬಂದಾಗ್ಲೂ ನೋಡನ ಅಂದೆ. ಅವ್ರು ನೋಡ್ಕಂಡು ನೋಡ್ಕಂಡು ಬ್ಯಾರೆ ಹುಡ್ಗಿ ನೋಡುದ್ರು."

"ಹಂಗಲ್ಲ..."

"ಹೂಂ ಅನ್ನು, ಇಲ್ಲ ಊಹೂಂ ಅನ್ನು. ಊಹೂಂ ಅಂದ್ರೆ ನಾನೇನು ನಿನ್ನ ನುಂಗ್ಬುಟ್ಟೇನಾ? ನಿಮ್ಮಪ್ಪ ಡ್ಯಾಮಿನ್ ಗೇಟ್ ಥರ ಕುಂತದೆ, ಮ್ಯಾಕೂ ಇಲ್ಲ ಕೆಳಕ್ಕೂ ಇಲ್ಲ. ನೀನೂ ಅಂಗೇ ಆದ್ರೆ ನಾನು ಯಾರ್ ಮಕ ನೋಡ್ಲಿ? ಬ್ಯಾಡ ಅಂತ್ಲಾದ್ರೂ ಒಂದ್..."

ಫೋನು ಕುಯ್ ಎಂದು ಕಟ್ಟಾಯಿತು. ಅವ್ವನ ಬಳಿ ಇನ್ನೊಂದು ನಾಣ್ಯ ಇರಲಿಲ್ಲವೋ ಅಥವಾ ಹಾಕಲು ಮನಸ್ಸಾಗಲಿಲ್ಲವೋ. ಸುಕನ್ಯ ಸ್ವಲ್ಪ ಹೊತ್ತು ಮೊಬೈಲನ್ನು ಕಿವಿಗೆ ಹಿಡಿದೇ ಕುಳಿತಿದ್ದಳು. ಭಾನುವಾರ ಆ ಮೇಷ್ಟ್ರು ಬರುತ್ತಾನೆ. ಅವಳು ಉಪ್ಪಿಟ್ಟು ತಂದಿಡುತ್ತಾಳೆ. ಅವನ ಮುಖವನ್ನು ಕಲ್ಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಬೇಸರವೂ ಆಗಲಿಲ್ಲ. ಅದೇ ಅವಳನ್ನು ಹೆದರಿಸಿತು.

ಬಾಲ್ಯದಲ್ಲಿ ಅಜ್ಜಿ, ಅಪ್ಪನ ತಾಯಿ ಭದ್ರಮ್ಮ, ಒಂದು ಕತೆ ಹೇಳುತ್ತಿದ್ದಳು. ಬೇರೆ ಮಕ್ಕಳಿಗೆ ಹೇಳುತ್ತಿರಲಿಲ್ಲ, ಸುಕನ್ಯಳಿಗೆ ಮಾತ್ರ. ಒಬ್ಬ ರಾಜನಿಗೆ ಒಬ್ಬಳೇ ಮಗಳು. ಹುಟ್ಟಿದ ದಿನ ಬಂದ ಜಂಗಮ ಏನು ವರ ಬೇಕು ಎಂದ. ರಾಜ, ನನ್ನ ಕೂಸಿಗೆ ಏನೂ ತಾಕದಿರಲಿ ಎಂದ. ಆಗಲಿ ಎಂದ ಜಂಗಮ. ಅಂದಿನಿಂದ ಎಸೆದ ಕಲ್ಲು ಅವಳ ಹತ್ತಿರ ಬಂದು ಪಕ್ಕಕ್ಕೆ ಸರಿಯುತ್ತಿತ್ತು. ಮುಳ್ಳು ಬಾಗುತ್ತಿತ್ತು. ಮಳೆ ಬಂದರೆ ಅವಳ ಸುತ್ತ ಒಂದು ಒಣ ವೃತ್ತ. ಊರಿಗೆ ಊರೇ ಕೈ ಮುಗಿಯಿತು. ಹುಡುಗಿ ದೊಡ್ಡವಳಾದಳು. ಒಂದು ದಿನ ಕಾಡಿನಲ್ಲಿ ದಾರಿ ತಪ್ಪಿ, ಬಾಯಾರಿ, ಹೊಳೆಗೆ ಇಳಿದಳು. ಬೊಗಸೆ ಒಡ್ಡಿದಳು. ಹೊಳೆ ಬಾಗಿ ಆಚೆ ಕಡೆಯಿಂದ ಹರಿಯಿತು.

"ಆಮ್ಯಾಕೆ?"

"ಆಮ್ಯಾಕೆ ಏನು, ಮನೀಕೋ."

"ಸತ್ತೋದ್ಲಾ ಅಜ್ಜಿ?"

"ಸಾವು ತಾಕಬೇಕಲ್ಲ ಕೂಸೇ."

ಅದೇ ಕತೆಯ ಕೊನೆ. ಅಜ್ಜಿ ಹಾಗೆ ಹೇಳಿ ಮಗ್ಗುಲಾಗುತ್ತಿದ್ದಳು. ಹೊಳೆಯ ನಡುವೆ ಒಣ ಮರಳಿನಲ್ಲಿ ಬೊಗಸೆ ಒಡ್ಡಿ ನಿಂತ ಹುಡುಗಿಯನ್ನು ಕತ್ತಲೆಯಲ್ಲಿ ಸುಕನ್ಯ ಒಬ್ಬಳೇ ನೋಡುತ್ತಿರಬೇಕಾಗಿತ್ತು.

ಶಾಲೆಯಲ್ಲಿ ಅವಳನ್ನು ಯಾವ ಮೇಷ್ಟ್ರೂ ಹೊಡೆಯಲಿಲ್ಲ. ಜಾಣೆ. ಕಾಲೇಜಿನಲ್ಲಿ ಯಾರೂ ಜಗಳವಾಡಲಿಲ್ಲ. ಸ್ಕಾಲರ್‌ಶಿಪ್ಪು ಸಿಕ್ಕಿತು, ಹಾಸ್ಟೆಲು ಸಿಕ್ಕಿತು, ಕೆಲಸ ಸಿಕ್ಕಿತು. ಸಿಕ್ಕಿದ್ದೆಲ್ಲವೂ ಮೇಜಿನ ಮೇಲೆ ಇಟ್ಟಂತೆ ಸಿಕ್ಕಿತು. ಹುಣಸೂರಿನ ಬಾಡಿಗೆ ಕೋಣೆಯ ಯಜಮಾನಿ, ನಿಮ್ಮವರು ಯಾರು ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಅಡಿಗೆಮನೆಯ ಬಾಗಿಲನ್ನು ನಯವಾಗಿ ಮುಚ್ಚಿದ್ದಳು. ಬಾಡಿಗೆ ಮಾತ್ರ ಹೆಚ್ಚು ಮಾಡಿರಲಿಲ್ಲ. ಯಾರೂ ಅವಳಿಗೆ ಏನನ್ನೂ ಮಾಡಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಅದನ್ನು ಎಲ್ಲರೂ ಗಟ್ಟಿತನ ಎಂದುಕೊಂಡಿದ್ದರು.

ಲಾರಿ ಬಂದಾಗ ನಿಂಗರಾಜು ಎರಡನೆಯ ಸ್ಟಾಪರನ್ನು ಕೂರಿಸಿ ಬೋಲ್ಟು ಬಿಗಿಯುತ್ತಿದ್ದ. ಹೊಸ ಹಳದಿ ಬಣ್ಣ ಇನ್ನೂ ಸ್ವಲ್ಪ ಅಂಟುತ್ತಿತ್ತು.

"ಇದೂ ನಮ್ಮತ್ತೆ ತಂಗಿ ಮೇಡಂ," ಎಂದ. "ಕುಂತ್ರೆ ಏಳಲ್ಲ."

ಡ್ರೈವರು ಲಾರಿಯ ಹಿಂಬಾಗಿಲು ಇಳಿಸಿ, ಬೀಡಿ ಹಚ್ಚಿ, ಇದೇನು ಕೊಕ್ಕರೆ ಥರ ಅದೆಯಲ್ಲ ಎಂದು ತೋಳಿನ ಸುತ್ತ ಒಂದು ಸುತ್ತು ಬಂದ. ಶಿವನಂಜಪ್ಪನವರು ಆಫೀಸಿನ ಬಾಗಿಲಿಗೆ ಬಂದು ನಿಂತರು. ಸುಕನ್ಯಳ ಕಡೆ ನೋಡಿದರು. ಹುಬ್ಬು ಏರಿಸಿದರು, ಅಷ್ಟೇ. ಕೇಳಬೇಕಾದದ್ದನ್ನು ಅವರು ಆಗಲೇ ಕೇಳಿಯಾಗಿತ್ತು.

ಈಗ ಹೇಳಬೇಕು. ಬೇಡ ಎನ್ನಬೇಕು. ಡ್ರೈವರು ಗೊಣಗುತ್ತಾನೆ, ನಿಂಗರಾಜು ಒಂದು ಜೋಕು ಹೇಳುತ್ತಾನೆ, ಮಾದೇಶ ತಲೆ ತಗ್ಗಿಸುತ್ತಾನೆ, ಲಾರಿ ಹೋಗುತ್ತದೆ. ಅಷ್ಟೇ ಆಗುವುದು. ಹೇಳದಿದ್ದರೆ ಲಾರಿ ಹೋಗುತ್ತದೆ, ತೋಳು ಹೋಗುತ್ತದೆ, ವೃತ್ತದೊಳಗೆ ಒಬ್ಬಳು ಬಂದು ನಿಲ್ಲುತ್ತಾಳೆ. ಬಹುಶಃ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಬಹುಶಃ ಎಂದೂ ಏನೂ ಆಗುವುದಿಲ್ಲ. ಬಹುಶಃ ಎಂಬ ಮಾತಿನ ಮೇಲೆ ಅವಳು, ಯಾರ ಮನೆಯವಳೋ, ದಿನಾ ಬೆಳಿಗ್ಗೆ ತಲೆ ಬಾಚಿಕೊಂಡು ಬಂದು ನಿಲ್ಲುತ್ತಾಳೆ.

ಸುಕನ್ಯ ಬಾಯಿ ತೆರೆದಳು.

"ಲೋಡ್ ಮಾಡೋಕೆ ತೋಳು ಮಡಚೋ ಮುಂಚೆ ಒಂದ್ಸಲ ತಿರುಗಿಸಿ ನೋಡ್ತೀನಿ ಸರ್," ಎಂದಳು.

"ನೋಡಿ ನೋಡಿ," ಎಂದು ಶಿವನಂಜಪ್ಪ ಒಳಗೆ ಹೋದರು.

ಮೇಜಿನ ಮೇಲಿದ್ದ ಕೀಲಿಯನ್ನು ತೆಗೆದುಕೊಂಡು ಬಂದಳು. ತೋಳನ್ನು ನಡೆಸುವ ಕೈಪೆಟ್ಟಿಗೆಯನ್ನು ಮಾದೇಶನಿಂದ ಇಸಿದುಕೊಂಡಳು. ದಪ್ಪ ಕೇಬಲ್ಲಿನ ತುದಿಯಲ್ಲಿ ನೇತಾಡುವ, ಮಗುವಿನಷ್ಟು ಭಾರದ ಪೆಟ್ಟಿಗೆ. ಹಿಂಬದಿಯಲ್ಲಿ ಒಂದು ಸ್ವಿಚ್ಚು. ಅದನ್ನು ಬೆರಳುಗಳಿಂದ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತೋಳು ನಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮಾದೇಶ ಕೊಟ್ಟ. ಅವಳ ಮುಖ ನೋಡಿದ. ಏನೂ ಕೇಳದೆ ಗೋಡೆಗೆ ಹಾಕಿದ್ದ ಕರೆಂಟಿನ ಪ್ಯಾನೆಲ್ಲಿನ ಕಡೆ ಹೋಗಿ ನಿಂತ.

ಅವಳು ಕೀಲಿ ತಿರುಗಿಸಿದಳು. ತೋಳು ಎಲ್ಲಿಗೆ ತಾನೇ ನಿಲ್ಲಬೇಕೆಂಬ ಆಜ್ಞೆಯನ್ನು ಅಳಿಸಿದಳು. ವೇಗವನ್ನು ಪೂರ್ತಿಗೆ ಏರಿಸಿದಳು. ಈ ಸ್ಟಾಪರೂ ಕುಸಿದುಹೋದರೆ ಕಳಿಸಲು ಏನೂ ಉಳಿಯುವುದಿಲ್ಲ. ಲಾರಿ ತಾನಾಗಿ ವಾಪಸ್ಸು ಹೋಗುತ್ತದೆ. ಯಾರಿಗೂ ಬೇಡ ಎನ್ನಬೇಕಾಗಿಲ್ಲ. ಕಬ್ಬಿಣ ಕಬ್ಬಿಣಕ್ಕೆ ಹೇಳುತ್ತದೆ. ಎಷ್ಟು ಸುಲಭವಾಗಿತ್ತು ಎಂದು ಅವಳಿಗೆ ಆಶ್ಚರ್ಯವಾಯಿತು.

ಆಮೇಲೆ ಅವಳು ನಡೆದು ಹೋಗಿ ಬಿಳಿ ವೃತ್ತದೊಳಗೆ ನಿಂತಳು.

ಕೇಬಲ್ಲು ಅಲ್ಲಿಗೇ ತಲುಪುವುದು ಎಂದು ತನಗೆ ತಾನೇ ಹೇಳಿಕೊಂಡಳು. ಕೇಬಲ್ಲು ಶೆಡ್ಡಿನ ಬಾಗಿಲವರೆಗೂ ತಲುಪುತ್ತಿತ್ತು. ಲೆಕ್ಕ ಸರಿಯಿದ್ದರೆ ನಾನು ಎಲ್ಲಿ ನಿಂತರೇನು ಎಂದುಕೊಂಡಳು. ಅದು ನಿಜವೋ ಸುಳ್ಳೋ ಎಂದು ವಿಚಾರಿಸುವಷ್ಟು ಆಸಕ್ತಿ ಉಳಿದಿರಲಿಲ್ಲ. ವೃತ್ತ ಅವಳು ಕಾಗದದ ಮೇಲೆ ನೋಡಿದ್ದಕ್ಕಿಂತ ಚಿಕ್ಕದಾಗಿತ್ತು. ಎರಡು ಪಾದ ಜೋಡಿಸಿ ನಿಂತರೆ ಸುತ್ತ ಒಂದಿಷ್ಟು ಸಿಮೆಂಟು ನೆಲ. ಇಲ್ಲಿ ನಿಲ್ಲುವವಳಿಗೆ ಮಧ್ಯಾಹ್ನದ ಹೊತ್ತು ಕಾಲು ನೋಯುತ್ತದೆ, ಒಂದು ಸ್ಟೂಲು ಕೊಡಿ ಎಂದು ನಕ್ಷೆಯಲ್ಲಿ ಬರೆಯಬಹುದಿತ್ತು. ಹೊಳೆದಿರಲಿಲ್ಲ.

"ಮೇಡಂ, ಅಲ್ಯಾಕ್ ನಿಂತ್ಕಂಡ್ರಿ?" ಎಂದು ನಿಂಗರಾಜು ದೂರದಿಂದ ಕೂಗಿದ. "ಈಚ್ಗೆ ಬನ್ನಿ."

ಸುಕನ್ಯ ಸ್ವಿಚ್ಚು ಒತ್ತಿದಳು.

ತೋಳು ಎದ್ದಿತು. ದಿನಾ ನೋಡಿದ್ದೇ, ಆದರೆ ಯಾವತ್ತೂ ಪಕ್ಕದಿಂದ ನೋಡಿದ್ದು. ಎದುರಿನಿಂದ ನೋಡಿದ್ದು ಇದೇ ಮೊದಲು. ಎದುರಿನಿಂದ ನೋಡಿದರೆ ಅದು ತಿರುಗುತ್ತಿರುವಂತೆ ಕಾಣುತ್ತಿರಲಿಲ್ಲ, ದೊಡ್ಡದಾಗುತ್ತಿರುವಂತೆ ಕಾಣುತ್ತಿತ್ತು. ಮೋಟರಿನ ಮೇಲೆ ಮಾದೇಶ ಬೆಳಿಗ್ಗೆ ಎಳೆದ ವಿಭೂತಿಯ ಗೆರೆಗಳು ಒಂದಾಗಿ ಬಿಳಿಯ ಪಟ್ಟಿಯಾದವು. ಗಾಳಿ ಬಂದು ಅವಳ ಮುಂಗೂದಲನ್ನು ಹಾರಿಸಿತು. ಎದೆಯೊಳಗೆ ಏನೋ, ಎಷ್ಟೋ ವರ್ಷದಿಂದ ಮಲಗಿದ್ದದ್ದು, ಎದ್ದು ಕುಳಿತುಕೊಂಡಂತಾಯಿತು. ಬರಲಿ, ಎಂದುಕೊಂಡಳು. ಅಥವಾ ಹಾಗೆ ಅಂದುಕೊಂಡದ್ದು ಆಮೇಲೆ.

ಟಕ್.

ಸಣ್ಣ ಸದ್ದು. ತೋಳು ನಿಂತಿತು. ಮೋಟರಿನ ಗುಂಯ್ ಎಂಬ ದನಿ ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ತಲೆಯ ಮೇಲಿನ ಫ್ಯಾನು ಸುಮ್ಮನೆ ಸುತ್ತಿ ಸುತ್ತಿ ಸೋತಿತು. ಕೈಪೆಟ್ಟಿಗೆಯ ಹಸಿರು ಅಕ್ಷರಗಳು ಅಳಿಸಿದ್ದವು.

"ಕರೆಂಟ್ ಹೋಯ್ತು ಕಣಮ್ಮ," ಎಂದ ಮಾದೇಶ.

ಅವನು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದ. ಎರಡು ಕೈಗಳೂ ಬೆನ್ನ ಹಿಂದೆ ಇದ್ದವು.

ಪಕ್ಕದ ಶೆಡ್ಡಿನಲ್ಲಿ ಮರ ಕೊಯ್ಯುವ ಗರಗಸ ಓಡುತ್ತಲೇ ಇತ್ತು. ಅದರ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು.

"ಹೂಂ, ಕರೆಂಟ್ ಹೋಯ್ತು," ಎಂದ ನಿಂಗರಾಜು, ಸ್ವಲ್ಪ ಹೊತ್ತಿನ ಮೇಲೆ.

ಶಿವನಂಜಪ್ಪ ಬಾಗಿಲಿಗೆ ಬಂದರು. ನೋಡಿದರು. "ಏನು?" ಎಂದರು. "ಕರೆಂಟ್ ಹೋಯ್ತು ಸಾ," ಎಂದಿತು ಇನ್ನೊಂದು ದನಿ. ಅದು ಲಾರಿಯ ಡ್ರೈವರನದು. ಅವನಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ಶಿವನಂಜಪ್ಪ ಕಿವಿಗೊಟ್ಟರು. ಗರಗಸ ಒಂದು ದಿಮ್ಮಿಯನ್ನು ಮುಗಿಸಿ ಇನ್ನೊಂದನ್ನು ಹಿಡಿಯಿತು.

"ಬಂದ್ಮೇಲೆ ಲೋಡ್ ಮಾಡಿ," ಎಂದು ಹೇಳಿ ಅವರು ಒಳಗೆ ಹೋದರು.

"ಬನ್ನಿ ಮೇಡಂ, ಟೀ ಕುಡಿಯನ," ಎಂದ ನಿಂಗರಾಜು. ಜೋಕು ಹೇಳಲಿಲ್ಲ.

ಸುಕನ್ಯ ಕದಲಲಿಲ್ಲ. ಆ ಟಕ್ ಎಂಬ ಸದ್ದು ಯಾವುದು? ಕರೆಂಟು ಕಡಿದಾಗ ತೋಳಿನೊಳಗಿನ ಬ್ರೇಕು ಕಚ್ಚಿಕೊಂಡದ್ದೇ? ಗೂಟ ಸ್ಟಾಪರಿಗೆ ತಾಗಿದ್ದೇ? ತಾಗಿದ್ದರೆ ಎಷ್ಟು? ಕೊಳವೆ ಕುಸಿದಿದೆಯೇ, ಬಣ್ಣ ಮಾತ್ರ ಎದ್ದಿದೆಯೇ, ನಡುವೆ ಇನ್ನೂ ಬೆರಳು ತೂರುವಷ್ಟು ಜಾಗ ಉಳಿದಿದೆಯೇ? ಅವಳು ನಿಂತಲ್ಲಿಂದ ಬುಡ ಕಾಣುತ್ತಿರಲಿಲ್ಲ. ತೋಳಿನ ಹೆಗಲೇ ಅದನ್ನು ಮರೆಮಾಡಿತ್ತು. ನೋಡಬೇಕೆಂದರೆ ವೃತ್ತ ಬಿಟ್ಟು ಪಕ್ಕಕ್ಕೆ ಒಂದು ಹೆಜ್ಜೆ ಇಡಬೇಕು.

ಮಾದೇಶ ಪ್ಯಾನೆಲ್ಲಿನ ಬಳಿಯಿಂದ ಕದಲದೆ ಮೆಲ್ಲಗೆ ಹೇಳಿದ: "ಬುಡವ್ವ. ಕೈ ಸಡ್ಲ ಬುಡು."

ಮೊದಲ ಸಲ ಅವನು ಅವಳನ್ನು ನೀನು ಎಂದಿದ್ದ.

ಸತ್ತ ಪೆಟ್ಟಿಗೆಯ ಸ್ವಿಚ್ಚನ್ನು ಅವಳ ಬೆರಳುಗಳು ಇನ್ನೂ ಒತ್ತಿ ಹಿಡಿದಿದ್ದವು. ಹೊರಗೆ ಡ್ರೈವರು ಕೆಮ್ಮಿದ. ತೋಳಿನ ತುದಿ ಅವಳ ಹಣೆಯ ಎದುರಿಗೆ, ಬಿಸಿ ಗ್ರೀಸಿನ ವಾಸನೆ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ, ಕುಂಕುಮ ಇಡಲು ಬಂದು ಇನ್ನೇನು ಇಡಬೇಕೆನ್ನುವಾಗ ಇವಳು ಯಾರ ಮನೆಯವಳು ಎಂದು ನೆನಪಾಗಿ ಬೆರಳು ತಡೆದುಕೊಂಡ ಯಾರದೋ ಕೈಯಂತೆ, ನಿಂತೇ ಇತ್ತು.